‘ಜೋಕೆ’ಯ ಎರಡನೆಯ ಹುಟ್ಟು: ಹಳೆಯ ಹಾಡು, ಹೊಸ ಯಂತ್ರ ಮತ್ತು ಕೋಲಾರದ ಕಿವಿ

2018ರ ಡಿಸೆಂಬರಿನಲ್ಲಿ ತೆರೆಕಂಡ ‘ಕೆ.ಜಿ.ಎಫ್: ಚಾಪ್ಟರ್ 1’ ಚಿತ್ರವನ್ನು ಕನ್ನಡದಲ್ಲಿ ನೋಡಿದವರು ಒಂದು ಹಾಡು ಕೇಳಿದರು, ಹಿಂದಿಯಲ್ಲಿ ನೋಡಿದವರು ಇನ್ನೊಂದು ಹಾಡು ಕೇಳಿದರು. ಕನ್ನಡದ ಪ್ರತಿಯಲ್ಲಿ ತಮನ್ನಾ ಕುಣಿಯುವ ‘ಜೋಕೆ’ ಹಾಡಿನ ಮೂಲ 1970ರ ‘ಪರೋಪಕಾರಿ’. ರಾಜ್‌ಕುಮಾರ್ ನಾಯಕರಾಗಿದ್ದ ಆ ಚಿತ್ರಕ್ಕೆ ಉಪೇಂದ್ರಕುಮಾರ್ ಸಂಗೀತ ಕೊಟ್ಟಿದ್ದರು, ಹಾಡು ಬರೆದವರು ಆರ್.ಎನ್. ಜಯಗೋಪಾಲ್, ಹಾಡಿದವರು ಎಲ್.ಆರ್. ಈಶ್ವರಿ. ಹಿಂದಿಯ ಪ್ರತಿಯಲ್ಲಿ ಮೌನಿ ರಾಯ್ ಕುಣಿಯುವುದು ‘ಗಲಿ ಗಲಿ’ ಹಾಡಿಗೆ. ಅದರ ಮೂಲ 1989ರ ‘ತ್ರಿದೇವ್’. ಎರಡೂ ಹಳೆಯ ಹಾಡುಗಳು, ಎರಡನ್ನೂ ಇಂದಿನ ಎಲೆಕ್ಟ್ರಾನಿಕ್ ತಾಳ ಮತ್ತು ಸದ್ದುಗಳಲ್ಲಿ ಮತ್ತೆ ಕಟ್ಟಲಾಗಿದೆ.

ಇದರಲ್ಲೊಂದು ಸಣ್ಣ ತಮಾಷೆಯಿದೆ. ಚಿತ್ರದ ಮುಖ್ಯ ಕಥೆ ನಡೆಯುವುದು ಎಪ್ಪತ್ತರ ದಶಕದ ಕೊನೆಯಲ್ಲಿ. ಆ ಹೊತ್ತಿಗೆ ‘ಪರೋಪಕಾರಿ’ ಹಾಡು ಜನರ ಬಾಯಲ್ಲಿದ್ದದ್ದು ಸಹಜ. ‘ತ್ರಿದೇವ್’ ಹಾಡು ಮಾತ್ರ ಹುಟ್ಟಿಯೇ ಇರಲಿಲ್ಲ. ಹೀಗಿದ್ದರೂ ಹಿಂದಿಯ ಪ್ರೇಕ್ಷಕರಿಗೆ ಇದು ಅಡ್ಡಿಯೆನಿಸಲಿಲ್ಲ. ಅಂದರೆ ಹಾಡು ಅಲ್ಲಿಗೆ ಬಂದದ್ದು ಕಥೆಯ ಕಾಲವನ್ನು ತೋರಿಸುವುದಕ್ಕಲ್ಲ, ನೋಡುಗರ ನೆನಪನ್ನು ಮುಟ್ಟುವುದಕ್ಕೆ. ಕನ್ನಡದವರಿಗೆ ಕನ್ನಡದ ನೆನಪು, ಹಿಂದಿಯವರಿಗೆ ಹಿಂದಿಯ ನೆನಪು. ನೆನಪೂ ಊರೂರಿಗೆ ತಕ್ಕಂತೆ ಬದಲಾಯಿಸಿ ಹಾಕಬಹುದಾದ ಬಿಡಿಭಾಗವಾಯಿತು.

ಕೋಲಾರ ಜಿಲ್ಲೆಯ ಹಾಡುಗಾರಿಕೆಯ ಬಗ್ಗೆ ಸಂಶೋಧನೆ ಮಾಡುತ್ತಿರುವ ನನಗೆ ಈ ತಮಾಷೆಯ ಹಿಂದಿನ ಪ್ರಶ್ನೆ ಮುಖ್ಯವಾಗಿ ಕಾಣುತ್ತದೆ. ಕೋಲಾರದ ಹೆಸರಿಟ್ಟುಕೊಂಡು, ಕೋಲಾರದ ಸಯನೈಡ್ ದಿಬ್ಬಗಳ ಮೇಲೆ ಸೆಟ್ ಹಾಕಿ ತೆಗೆದ ಚಿತ್ರವೊಂದರಲ್ಲಿ ಯಾರ ನೆನಪಿನ ಹಾಡು ಕೇಳಿಸುತ್ತದೆ? ಅದನ್ನು ಯಂತ್ರದಲ್ಲಿ ಮತ್ತೆ ಕಟ್ಟಿದಾಗ ಏನು ಸೇರುತ್ತದೆ, ಏನು ಸೋರಿಹೋಗುತ್ತದೆ? ಇದೇ ಕೆಲಸವನ್ನು ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಆರ್ಕೆಸ್ಟ್ರಾದವರು ಹಬ್ಬಹಬ್ಬಕ್ಕೂ ಮಾಡುತ್ತಾರೆ. ಅದನ್ನು ನಾವು ವಿಮರ್ಶೆಯ ವಸ್ತುವೆಂದು ಯಾಕೆ ಕಂಡಿಲ್ಲ?

ಎರವಲು ಮಟ್ಟಿನ ಹಳೆಯ ದಾರಿ

ಇಂಥ ಹಾಡುಗಳನ್ನು ಕುರಿತ ಮಾತು ಬಂದಕೂಡಲೇ ಕೇಳಿಬರುವ ಆಕ್ಷೇಪ ಒಂದೇ: ಸ್ವಂತಿಕೆಯಿಲ್ಲ, ಹಳೆಯದನ್ನು ಕೆಡಿಸಿದರು. ಈ ಆಕ್ಷೇಪ ನಮ್ಮ ಪರಂಪರೆಗೇ ಒಪ್ಪುವಂಥದ್ದಲ್ಲ. ಕನ್ನಡದಲ್ಲಿ ಹಾಡು ಕಟ್ಟುವ ಹಳೆಯ ದಾರಿಯೇ ಇನ್ನೊಂದರ ಮಟ್ಟಿನಲ್ಲಿ ಹಾಡುವುದು. ಭಜನೆಯ ಪುಸ್ತಕಗಳಲ್ಲಿ ಹಾಡಿನ ನೆತ್ತಿಯ ಮೇಲೆ ‘ಇಂಥ ಹಾಡಿನ ಧಾಟಿ’ ಎಂದು ಬರೆದಿರುವುದನ್ನು ನೀವೂ ನೋಡಿರುತ್ತೀರಿ. ಕಂಪನಿ ನಾಟಕಗಳು ಮರಾಠಿ ಮತ್ತು ಪಾರ್ಸಿ ರಂಗಭೂಮಿಯ ಮಟ್ಟುಗಳನ್ನು ಸಂಕೋಚವಿಲ್ಲದೆ ತಂದುಕೊಂಡವು. ದಲಿತ ಚಳವಳಿಯ ಹೋರಾಟದ ಹಾಡುಗಳು ಜನಪದ ಧಾಟಿಗಳನ್ನು ಹಿಡಿದೇ ಊರೂರು ತಿರುಗಿದವು.

ಪಾಶ್ಚಾತ್ಯ ಜನಪ್ರಿಯ ಹಾಡನ್ನು ಕನ್ನಡಕ್ಕೆ ಒಗ್ಗಿಸಿದ್ದಕ್ಕೂ ನೂರು ವರ್ಷದ ಹತ್ತಿರದ ಇತಿಹಾಸವಿದೆ. ಲಂಡನ್ನಿನಲ್ಲಿ ಭೂವಿಜ್ಞಾನ ಓದಿ ಬಂದ ಟಿ.ಪಿ. ಕೈಲಾಸಂ, ಮೊದಲ ಮಹಾಯುದ್ಧದ ಸೈನಿಕರು ಹಾಡುತ್ತಿದ್ದ 1912ರ ‘ಟಿಪ್ಪರೇರಿ’ ಹಾಡನ್ನು ತಿಪ್ಪಾರಳ್ಳಿಗೆ ಕರೆತಂದರು. ಅಲ್ಲಿ ಐರಿಷ್ ಊರಿನ ಹಂಬಲವಿತ್ತು, ಇಲ್ಲಿ ಮೈಸೂರು ಸೀಮೆಯ ಹಳ್ಳಿಯ ಹಾಸ್ಯ ಬಂತು. ಬಿ.ಎಂ.ಶ್ರೀ ಅವರ ‘ಇಂಗ್ಲಿಷ್ ಗೀತಗಳು’ (1926) ಸಂಕಲನವನ್ನು ನಾವು ಅನುವಾದವೆನ್ನುತ್ತೇವೆ. ಬೇರೊಬ್ಬರ ಹಾಡನ್ನು ತನ್ನ ದನಿಯಲ್ಲಿ ಮತ್ತೆ ಹಾಡಿದ್ದು ಎಂದು ಕರೆದರೂ ತಪ್ಪೇನಿಲ್ಲ. ನವೋದಯದ ಹೊಸ ಛಂದಸ್ಸಿನ ಒಂದು ಬೇರು ಅಲ್ಲಿದೆ.

ಆದ್ದರಿಂದ ಮತ್ತೆ ಹಾಡುವುದು ಸರಿಯೇ ತಪ್ಪೇ ಎಂಬ ಪ್ರಶ್ನೆ ನಮಗೆ ಉಪಯೋಗವಿಲ್ಲ. ಕೇಳಬೇಕಾದ್ದು ಬೇರೆ: ಎರಡನೆಯ ಸಲ ಹಾಡಿದಾಗ, ಮೊದಲನೆಯ ಸಲ ಹೇಳಲಾಗದಿದ್ದ ಏನನ್ನು ಹಾಡು ಹೇಳಿತು?

ಯಂತ್ರ ದನಿಗೆ ಏನು ಮಾಡುತ್ತದೆ

ಈ ಪ್ರಶ್ನೆಯನ್ನು ಒರೆಗೆ ಹಚ್ಚಲು ಹೊರಗಿನ ಎರಡು ಉದಾಹರಣೆ ಸಹಾಯಕ್ಕೆ ಬರುತ್ತವೆ. ಎರಡೂ ಅಮೆರಿಕದ ಕಪ್ಪುಜನರ ಸೋಲ್ ಸಂಗೀತದಿಂದ ಬಂದವು, ಎರಡನ್ನೂ ಇಂಗ್ಲೆಂಡಿನ ಸಿಂಥಸೈಜರ್ ಸಂಗೀತಗಾರರು ಮತ್ತೆ ಕಟ್ಟಿದರು.

ಮೊದಲನೆಯದು ‘ಟೇಂಟೆಡ್ ಲವ್’. ಗ್ಲೋರಿಯಾ ಜೋನ್ಸ್ ಹಾಡಿದ ಈ ಹಾಡು 1965ರಲ್ಲಿ ಒಂದು ತಟ್ಟೆಯ ಹಿಂಬದಿಯಲ್ಲಿ ಬಂದು, ಯಾರ ಗಮನಕ್ಕೂ ಬಾರದೆ ಮರೆಯಾಯಿತು. ಅದನ್ನು ಉಳಿಸಿದ್ದು ಉತ್ತರ ಇಂಗ್ಲೆಂಡಿನ ಕಾರ್ಖಾನೆ ಮತ್ತು ಕಲ್ಲಿದ್ದಲಿನ ಊರುಗಳ ಯುವಕರು. ವಾರವಿಡೀ ದುಡಿದು, ವಾರದ ಕೊನೆಗೆ ವಿಗನ್‌ನಂಥ ಊರುಗಳ ಕುಣಿತದ ಸಭಾಂಗಣಗಳಲ್ಲಿ ಬೆಳಗಿನವರೆಗೆ ಕುಣಿಯುತ್ತಿದ್ದ ಅವರಿಗೆ, ಅಮೆರಿಕದಲ್ಲಿ ಮಾರಾಟವಾಗದೆ ಉಳಿದ ಸೋಲ್ ತಟ್ಟೆಗಳೇ ಪ್ರಾಣ. ಆ ಸೀಮೆಯ ಲೀಡ್ಸ್ ನಗರದ ‘ಸಾಫ್ಟ್ ಸೆಲ್’ ಜೋಡಿ 1981ರಲ್ಲಿ ಅದೇ ಹಾಡನ್ನು ಯಂತ್ರಗಳಲ್ಲಿ ನುಡಿಸಿತು. ಬ್ರಿಟನ್ನಿನಲ್ಲಿ ಅದು ಮೊದಲ ಸ್ಥಾನಕ್ಕೇರಿತು. ಎಲೆಕ್ಟ್ರಾನಿಕ್ ಎಂದರೆ ವೇಗ ಎಂದುಕೊಳ್ಳುವವರು ಇಲ್ಲೊಂದು ವಿಷಯ ಗಮನಿಸಬೇಕು. ಹೊಸದರ ನಡೆ ಮೂಲಕ್ಕಿಂತ ನಿಧಾನ, ಶ್ರುತಿಯೂ ಕೆಳಗೆ. ಮೂಲದಲ್ಲಿ ಗ್ಲೋರಿಯಾ ಜೋನ್ಸರ ಬೆನ್ನಿಗೆ ಡ್ರಮ್ಮು, ತುತ್ತೂರಿ, ಸಹಗಾಯಕಿಯರು ಇದ್ದಾರೆ. ಸಿಟ್ಟು ಮಾಡಿಕೊಂಡು ಹೊರಟ ಹೆಂಗಸಿನ ಜೊತೆಗೆ ಇಡೀ ಬೀದಿಯೇ ಹೊರಟಂತೆ. ಹೊಸದರಲ್ಲಿ ಮಾರ್ಕ್ ಆಲ್ಮಂಡ್ ಒಬ್ಬನೇ, ಸುತ್ತ ಯಂತ್ರದ ಟಿಕ್‌ಟಿಕ್. ಅದೇ ಮಾತು ಈಗ ಒಂಟಿ ಕೋಣೆಯ ಮಾತಾಗಿ ಕೇಳುತ್ತದೆ. ಯಂತ್ರದ ತಣ್ಣಗಿನ ಗುಣವೇ ಅರ್ಥವಾಗಿ ಬದಲಾಗಿದೆ.

ಎರಡನೆಯದು ಆಲ್ ಗ್ರೀನ್ 1971ರಲ್ಲಿ ಹಾಡಿದ ‘ಲೆಟ್ಸ್ ಸ್ಟೇ ಟುಗೆದರ್’. 1983ರಲ್ಲಿ ಟೀನಾ ಟರ್ನರ್ ಅದನ್ನು ಮತ್ತೆ ಹಾಡಿದಾಗ ನಿರ್ಮಾಪಕರಾಗಿದ್ದವರಲ್ಲಿ ಒಬ್ಬರು ‘ಹೆವನ್ 17’ ತಂಡದ ಮಾರ್ಟಿನ್ ವೇರ್. ಹಳೆಯ ಜನಪ್ರಿಯ ಹಾಡುಗಳನ್ನು ಸಿಂಥಸೈಜರ್‌ನಲ್ಲಿ ಮತ್ತೆ ಕಟ್ಟುವ ಇಡೀ ಧ್ವನಿಮುದ್ರಿಕೆಯೊಂದನ್ನು ಅವರು 1982ರಲ್ಲೇ ತಂದಿದ್ದರು. ಟೀನಾ ಹಾಡಿನಲ್ಲಿ ಯಂತ್ರ ಸರಿದು ನಿಲ್ಲುತ್ತದೆ. ಹಾಸಿದ ನೆಲದಂತೆ ಸಮನಾಗಿ ಹರಡಿಕೊಂಡು, ದನಿಗೆ ಓಡಾಡಲು ಜಾಗ ಬಿಡುತ್ತದೆ. ಆ ದನಿಯ ಒರಟು, ಉಸಿರು, ತಡೆದು ಬಿಡುವ ರೀತಿ ಎಲ್ಲವೂ ಮೊದಲಿಗಿಂತ ಹತ್ತಿರದಲ್ಲಿ ಕೇಳುತ್ತವೆ. ಬದುಕಿನಲ್ಲಿ ಪೆಟ್ಟು ತಿಂದು ಮತ್ತೆ ಎದ್ದ ಗಾಯಕಿ ಎಂದು ಜನ ಅವರನ್ನು ಗುರುತಿಸಿದ್ದಕ್ಕೆ ಆ ಜಾಗವೂ ಕಾರಣ.

ಒಂದರಲ್ಲಿ ಯಂತ್ರ ದನಿಯನ್ನು ಒಂಟಿ ಮಾಡಿತು, ಇನ್ನೊಂದರಲ್ಲಿ ದನಿಗೆ ಜಾಗ ಕೊಟ್ಟಿತು. ಎರಡೂ ಕಡೆ ಯಂತ್ರ ಮತ್ತು ದನಿಯ ನಡುವೆ ಒಂದು ಸಂಬಂಧವಿದೆ. ಈ ಸಂಬಂಧವೇ ಇಂಥ ಹಾಡುಗಳನ್ನು ತೂಗುವ ಅಳತೆ ಎಂದು ನಾನು ಭಾವಿಸುತ್ತೇನೆ.

ಈಶ್ವರಿಯ ದನಿಯಿಂದ ‘ಜೋಕೆ’ಯವರೆಗೆ

ಈ ಅಳತೆಯನ್ನು ‘ಜೋಕೆ’ಗೆ ಹಿಡಿಯೋಣ. ಎಲ್.ಆರ್. ಈಶ್ವರಿ ಮದರಾಸಿನಲ್ಲಿ ಕೋರಸ್ ಗಾಯಕಿಯಾಗಿ ಶುರುಮಾಡಿದವರು. ದಕ್ಷಿಣದ ಚಿತ್ರರಂಗ ಅವರಿಗೆ ಹೆಚ್ಚಾಗಿ ಕೊಟ್ಟದ್ದು ಕ್ಲಬ್ಬಿನಲ್ಲಿ ಕುಣಿಯುವ ಹೆಂಗಸಿನ ಹಾಡುಗಳನ್ನು. ನಾಯಕಿಯ ನಾಚಿಕೆಗೆ ಒಂದು ಕಂಠ, ಖಳನ ಅಡ್ಡೆಯಲ್ಲಿ ಕುಣಿಯುವವಳ ಧೈರ್ಯಕ್ಕೆ ಇನ್ನೊಂದು ಕಂಠ ಎಂಬುದು ಅಂದಿನ ಹಂಚಿಕೆ. ಈಶ್ವರಿ ಈ ಹಂಚಿಕೆಯೊಳಗೇ ಇದ್ದು ಅದನ್ನು ಮೀರಿದರು. ಅವರ ಹಾಡಿಕೆಯಲ್ಲಿ ಅಕ್ಷರಕ್ಕೂ ಅಕ್ಷರಕ್ಕೂ ನಡುವೆ ಉಸಿರು ಕೇಳುತ್ತದೆ, ನಗು ತುಂಡಾಗಿ ಬಂದು ಸ್ವರಕ್ಕೆ ಸೇರುತ್ತದೆ, ತಾಳಕ್ಕಿಂತ ಕೂದಲೆಳೆಯಷ್ಟು ಹಿಂದೆ ಉಳಿದು ಆಮೇಲೆ ಬಂದು ಹಿಡಿಯುತ್ತಾರೆ. ‘ಜೋಕೆ’ ಎಂಬ ಎಚ್ಚರಿಕೆಯ ಮಾತಿಗೆ ಆ ಹಿಂದೆ ಉಳಿಯುವಿಕೆಯಲ್ಲೇ ಜೀವ. ಎಚ್ಚರಿಸುವವಳಿಗೆ ಅವಸರವಿಲ್ಲ, ಕೇಳುವವನಿಗೆ ಅವಸರ.

ಕೋಲಾರದ ಕಿವಿಗೆ ಈ ದನಿ ಇನ್ನೊಂದು ದಾರಿಯಲ್ಲೂ ಗೊತ್ತು. ಈಶ್ವರಿ ತಮಿಳಿನಲ್ಲಿ ಹಾಡಿದ ಅಮ್ಮನವರ ಭಕ್ತಿಗೀತೆಗಳು ಆಡಿ ತಿಂಗಳಲ್ಲಿ, ಮಾರಿಯಮ್ಮನ ಹಬ್ಬಗಳಲ್ಲಿ, ಮೈಕಿನಲ್ಲಿ ಎಡೆಬಿಡದೆ ಮೊಳಗುತ್ತವೆ. ತಮಿಳು ಗಣಿ ಕಾರ್ಮಿಕರ ಕುಟುಂಬಗಳಿರುವ ಕೆ.ಜಿ.ಎಫ್. ಕಡೆ ಬೆಳೆದವರಿಗೆ ಅದು ಅಮ್ಮನ ಗುಡಿಯ ದನಿ. ಕ್ಲಬ್ಬಿನ ಹೆಂಗಸೂ ಅವಳೇ, ಕರಗ ಹೊತ್ತವರ ಮೈಮೇಲೆ ಬರುವ ತಾಯಿಯನ್ನು ಕರೆಯುವವಳೂ ಅವಳೇ. ‘ಎಚ್ಚರ’ ಎನ್ನುವ ಅಧಿಕಾರ ಎರಡೂ ಕಡೆ ಇದೆ. ಕೋಲಾರದ ಕುರಿತ ಚಿತ್ರವೊಂದಕ್ಕೆ ಇದಕ್ಕಿಂತ ಒಳ್ಳೆಯ ಹಾಡು ಸಿಗುವುದು ಕಷ್ಟವಿತ್ತು.

ಹೊಸ ‘ಜೋಕೆ’ಯನ್ನು ಐರಾ ಉಡುಪಿ ಹಾಡಿದ್ದಾರೆ, ಸಂಗೀತ ಕುಂದಾಪುರ ಸೀಮೆಯ ರವಿ ಬಸ್ರೂರು ಅವರದು. ಹಾಡು ಹಳೆಯ ಸಾಹಿತ್ಯವನ್ನು ಗೌರವದಿಂದ ಉಳಿಸಿಕೊಂಡಿದೆ, ಜಯಗೋಪಾಲರ ಹೆಸರೂ ಉಳಿದಿದೆ. ಈಶ್ವರಿಯ ಹೆಸರೇ ಕೇಳದಿದ್ದ ತಲೆಮಾರು ಮೂಲವನ್ನು ಹುಡುಕಿ ಕೇಳುವಂತಾಯಿತು. ಇದು ಸಣ್ಣ ಲಾಭವಲ್ಲ. ಗಾಯಕಿಯ ಕಂಠದಲ್ಲೂ ಕೊರತೆಯಿಲ್ಲ. ಆದರೆ ತಾಳದ ಪೆಟ್ಟು ಮುಂದೆ ಬಂದು ಎದೆಗೆ ಬಡಿಯುತ್ತದೆ, ದನಿ ಅದರ ಮೇಲೆ ಒಂದು ಪದರವಾಗಿ ಕೂರುತ್ತದೆ. ಹಿಂದೆ ಉಳಿದು ಹಿಡಿಯಲು ಅಲ್ಲಿ ಜಾಗವಿಲ್ಲ, ಪ್ರತಿ ಅಕ್ಷರವೂ ಗೆರೆಯ ಮೇಲೇ ಬೀಳಬೇಕು. ಎಚ್ಚರಿಕೆ ಹೋಗಿ ಆಹ್ವಾನ ಉಳಿಯಿತು. ಸಾಫ್ಟ್ ಸೆಲ್‌ನಲ್ಲಿದ್ದ ಒಂಟಿತನವೂ ಇಲ್ಲಿಲ್ಲ, ಟೀನಾ ಹಾಡಿನಲ್ಲಿದ್ದ ಜಾಗವೂ ಇಲ್ಲ. ಚಿತ್ರದ ಮುಂದಿನ ಹೊಡೆದಾಟಕ್ಕೆ ಮುನ್ನ ಕೊಡುವ ಬಿಡುವಿನಂತೆ ಹಾಡು ಬಂದು ಹೋಗುತ್ತದೆ. ಅದನ್ನು ಕಿತ್ತು ಹಿಂದಿಯಲ್ಲಿ ಇನ್ನೊಂದನ್ನು ಹಾಕಲು ಸಾಧ್ಯವಾದದ್ದೇ ಅದು ಚಿತ್ರದೊಳಗೆ ಬೇರೂರಿಲ್ಲ ಎಂಬುದಕ್ಕೆ ಸಾಕ್ಷಿ.

ಹಾಡನ್ನು ಬದಲಿಸುವ ಹಕ್ಕು ಯಾರದು

ಭಾರತದಲ್ಲಿ ಹಳೆಯ ಹಾಡಿಗೆ ಯಂತ್ರದ ತಾಳ ಹಚ್ಚುವ ಕೆಲಸ ಕ್ಯಾಸೆಟ್ ಕಾಲದ್ದು. ಎಂಬತ್ತರ ದಶಕದಲ್ಲಿ ಟಿ-ಸೀರೀಸ್ ಕಂಪನಿ ಹಳೆಯ ಹಿಂದಿ ಹಾಡುಗಳನ್ನು ಹೊಸ ಗಾಯಕರಿಂದ ಹಾಡಿಸಿ ಅಗ್ಗದ ಕ್ಯಾಸೆಟ್ಟುಗಳಲ್ಲಿ ಮಾರಿತು. ಆಗಿನ ಕಾನೂನು ಇಂಥ ‘ವರ್ಷನ್’ ಧ್ವನಿಮುದ್ರಣಕ್ಕೆ ದಾರಿ ಬಿಟ್ಟಿತ್ತು. ಆಮೇಲೆ ಬಂದದ್ದು ‘ಝಂಕಾರ್ ಬೀಟ್ಸ್’. ಅದರಲ್ಲಿ ಮೂಲ ಗಾಯಕರ ದನಿಯನ್ನು ಹಾಗೇ ಇಟ್ಟು, ಮೇಲೆ ಎಲೆಕ್ಟ್ರಾನಿಕ್ ಡ್ರಮ್ಮು ಮತ್ತು ಪ್ರತಿಧ್ವನಿ ಸೇರಿಸುತ್ತಿದ್ದರು. ಲಾರಿ, ಬಸ್ಸು, ಹೋಟೆಲುಗಳ ಸದ್ದಿನ ನಡುವೆ ಹಾಡು ಎದ್ದು ಕೇಳಲಿ ಎಂಬುದು ಅದರ ಸರಳ ಉಪಯೋಗ. ರಸಿಕರು ಅದನ್ನು ಹಳಿದರು, ಚಾಲಕರು ಮೆಚ್ಚಿದರು. ಕೇಳುವ ಜಾಗವೂ ಹಾಡಿನ ರೂಪವನ್ನು ತೀರ್ಮಾನಿಸುತ್ತದೆ ಎಂಬ ಪಾಠ ಅದರಲ್ಲಿತ್ತು.

1957ರ ಹಕ್ಕುಸ್ವಾಮ್ಯ ಕಾಯ್ದೆಗೆ 2012ರಲ್ಲಿ ತಿದ್ದುಪಡಿಯಾಗಿ 31ಸಿ ಎಂಬ ಕಲಂ ಸೇರಿತು. ಅದರಂತೆ, ಹಾಡೊಂದು ಮೊದಲು ಧ್ವನಿಮುದ್ರಣವಾದ ವರ್ಷ ಮುಗಿದು ಐದು ಕ್ಯಾಲೆಂಡರ್ ವರ್ಷ ಕಳೆದ ಮೇಲೆ ಯಾರು ಬೇಕಾದರೂ ನೋಟಿಸು ಕೊಟ್ಟು, ಮುಂಗಡವಾಗಿ ರಾಯಧನ ಕಟ್ಟಿ ಅದರ ಕವರ್ ಧ್ವನಿಮುದ್ರಣ ಮಾಡಬಹುದು. ವರ್ಷಕ್ಕೆ ಕನಿಷ್ಠ 50,000 ಪ್ರತಿಗಳ ಲೆಕ್ಕದಲ್ಲಿ ರಾಯಧನ ಕಟ್ಟಬೇಕು. ಇನ್ನೊಂದು ಷರತ್ತು ನಮ್ಮ ಚರ್ಚೆಗೆ ಮುಖ್ಯ. ಹಕ್ಕುದಾರರ ಒಪ್ಪಿಗೆಯಿಂದ ಹಿಂದೆ ಆಗಿರುವ ಬದಲಾವಣೆ ಅಥವಾ ತಾಂತ್ರಿಕವಾಗಿ ಅಗತ್ಯವಾದ ಬದಲಾವಣೆ ಬಿಟ್ಟರೆ, ಕೃತಿಯನ್ನು ಬೇರೆ ರೀತಿಯಲ್ಲಿ ಬದಲಿಸುವಂತಿಲ್ಲ. ಒಟ್ಟಿನಲ್ಲಿ ನಕಲು ಮಾಡುವವನಿಗೆ ದಾರಿಯಿದೆ, ಕಲ್ಪನೆ ಸೇರಿಸುವವನು ಹಕ್ಕುದಾರನ ಬಾಗಿಲು ತಟ್ಟಬೇಕು. ಆ ಬಾಗಿಲು ದೊಡ್ಡ ಕಂಪನಿಗಳಿಗೆ ತೆರೆಯುವಷ್ಟು ಸುಲಭವಾಗಿ ಉಳಿದವರಿಗೆ ತೆರೆಯುವುದಿಲ್ಲ. ಹೀಗಾಗಿ ಹಳೆಯ ಹಾಡನ್ನು ಧೈರ್ಯವಾಗಿ ಬದಲಿಸಿ ಧ್ವನಿಮುದ್ರಿಸುವ ಅವಕಾಶ ಯಾರಿಗಿದೆಯೋ ಅವರು ಮಾರುಕಟ್ಟೆಗೆ ಹೆದರಿ ಹೆಚ್ಚು ಬದಲಿಸುವುದಿಲ್ಲ. ಬದಲಿಸುವ ಕಲೆ ಗೊತ್ತಿರುವವರ ಕೆಲಸ ಧ್ವನಿಮುದ್ರಣವಾಗಿ ಉಳಿಯುವುದೇ ಇಲ್ಲ.

ರಸಮಂಜರಿಯ ಕೈ

ಆ ಎರಡನೆಯವರನ್ನು ನೋಡಲು ಕೋಲಾರ ಜಿಲ್ಲೆಗೆ ಬರಬೇಕು. ಗಣೇಶನ ಹಬ್ಬ, ರಾಜ್ಯೋತ್ಸವ, ಊರ ಜಾತ್ರೆ, ಮದುವೆಯ ಹಿಂದಿನ ರಾತ್ರಿ: ಫ್ಲೆಕ್ಸಿನಲ್ಲಿ ‘ರಸಮಂಜರಿ ಕಾರ್ಯಕ್ರಮ’ ಎಂದಿರುತ್ತದೆ, ಜನರ ಬಾಯಲ್ಲಿ ಆರ್ಕೆಸ್ಟ್ರಾ. ಒಂದು ಕೀಬೋರ್ಡು, ಒಂದು ರಿದಂ ಪ್ಯಾಡು, ಕೆಲವೊಮ್ಮೆ ಗಿಟಾರು, ಇಬ್ಬರು ಮೂವರು ಗಾಯಕರು. ಹಿಂದೆ ಹತ್ತು ಹದಿನೈದು ಜನ ಕೂರುತ್ತಿದ್ದ ವೇದಿಕೆಯ ಕೆಲಸವನ್ನು ಈಗ ಈ ಎರಡು ಯಂತ್ರಗಳು ಮಾಡುತ್ತವೆ. ಪಿಟೀಲು, ಕೊಳಲು, ಶಹನಾಯಿ ಎಲ್ಲವೂ ಕೀಬೋರ್ಡಿನ ಟೋನುಗಳು. ತಬಲ, ಢೋಲಕ್, ತಮಟೆ ಎಲ್ಲವೂ ಪ್ಯಾಡಿನ ಎಂಟು ಚೌಕಗಳೊಳಗೆ. ರೋಲ್ಯಾಂಡ್ ಕಂಪನಿ 1985ರಲ್ಲಿ ತಂದ ಆಕ್ಟಾಪ್ಯಾಡಿನ ಮಕ್ಕಳು ಮೊಮ್ಮಕ್ಕಳು ಇವು. ಇಲ್ಲಿ ಹಾಡುವುದೆಲ್ಲ ಹಳೆಯ ಹಾಡು, ನುಡಿಸುವುದೆಲ್ಲ ಎಲೆಕ್ಟ್ರಾನಿಕ್. ನಮ್ಮ ವಿಷಯದ ನಿಜವಾದ ಪ್ರಯೋಗಶಾಲೆ ಇದೇ.

ಗಡಿಜಿಲ್ಲೆಯ ಈ ವೇದಿಕೆಗೆ ಒಂದು ಭಾಷೆ ಸಾಲದು. ಮುಳಬಾಗಿಲು, ಶ್ರೀನಿವಾಸಪುರದ ಕಡೆ ತೆಲುಗು ಹಾಡಿಗೆ ಚೀಟಿ ಬರುತ್ತದೆ, ಮಾಲೂರಿನ ಗಡಿ ಹಳ್ಳಿಗಳಲ್ಲಿ ತಮಿಳಿಗೂ ಬೇಡಿಕೆ, ಎಲ್ಲ ಕಡೆ ರಾಜ್‌ಕುಮಾರ್ ಹಾಡು ಆಗಲೇಬೇಕು. ಮೂರೂ ಭಾಷೆಗಳಿಗೆ ಬೇಕಾದವರು ಎಸ್.ಪಿ. ಬಾಲಸುಬ್ರಹ್ಮಣ್ಯಂ. ಶಂಕರ್‌ನಾಗ್ ಅವರ ‘ಗೀತಾ’ (1981) ಚಿತ್ರಕ್ಕೆ ಇಳಯರಾಜ ಕೊಟ್ಟ ಜೋಡಿಗೀತೆಯ ಮಟ್ಟು 1984ರಲ್ಲಿ ತಮಿಳಿನ ‘ನೂರಾವದು ನಾಳ್’ ಚಿತ್ರಕ್ಕೆ ಹೋಯಿತು, 2007ರಲ್ಲಿ ಹಿಂದಿಯ ‘ಚೀನಿ ಕಮ್’ಗೂ ಹೋಯಿತು. ಆರ್ಕೆಸ್ಟ್ರಾದ ಕೀಬೋರ್ಡಿನಲ್ಲಿ ಅದರ ಮೊದಲ ಸ್ವರಗಳು ಹೊರಟಾಗ ಗುಂಪಿನ ಒಂದು ಭಾಗಕ್ಕೆ ಕನ್ನಡ ಹಾಡು, ಇನ್ನೊಂದು ಭಾಗಕ್ಕೆ ತಮಿಳು ಹಾಡು ಕೇಳಿಸುತ್ತದೆ. ಗಾಯಕ ಬಾಯಿ ತೆರೆಯುವವರೆಗೂ ಇಬ್ಬರದೂ ನಿಜ. ಪಲ್ಲವಿಯನ್ನು ಒಂದು ಭಾಷೆಯಲ್ಲೂ ಚರಣವನ್ನು ಇನ್ನೊಂದರಲ್ಲೂ ಹಾಡಿ ಇಬ್ಬರನ್ನೂ ಗೆಲ್ಲುವ ಗಾಯಕರಿದ್ದಾರೆ. ‘ಕೆ.ಜಿ.ಎಫ್’ ಚಿತ್ರ ಒಂದೊಂದು ಭಾಷೆಗೆ ಒಂದೊಂದು ನೆನಪನ್ನು ಬೇರೆ ಮಾಡಿ ಹಂಚಿತು. ಇಲ್ಲಿ ಒಂದೇ ಮಟ್ಟಿನೊಳಗೆ ಎರಡು ನೆನಪು ಒಟ್ಟಿಗೆ ಕೂರುತ್ತವೆ.

ಪ್ಯಾಡ್ ನುಡಿಸುವವನ ಕೆಲಸವನ್ನು ಹತ್ತಿರದಿಂದ ನೋಡಿದರೆ ಇನ್ನೂ ಹೆಚ್ಚು ಕಲಿಯಬಹುದು. ಲೂಪ್ ಹಾಕಿ ಕೈಕಟ್ಟಿ ನಿಲ್ಲುವವರಿದ್ದಾರೆ. ಆದರೆ ಒಳ್ಳೆಯ ಕೈ ಇದ್ದವನು ಲೂಪನ್ನು ನಂಬುವುದಿಲ್ಲ. ಮೂಲ ಹಾಡಿನ ತಬಲದ ನಡೆಯನ್ನು ಪಲ್ಲವಿಗೆ ಹಿಡಿಯುತ್ತಾನೆ. ಮುಂದೆ ಹುಡುಗರು ಏಳುತ್ತಿರುವುದು ಕಂಡರೆ ಎರಡನೆಯ ಚರಣದ ಹೊತ್ತಿಗೆ ಕಡ್ಡಿಯನ್ನು ತಮಟೆಯ ಚೌಕಕ್ಕೆ ಸರಿಸುತ್ತಾನೆ. ಆಗ ಬರುವ ವರಸೆ ಮೂಲ ಹಾಡಿನಲ್ಲಿ ಇರುವುದಿಲ್ಲ, ಯಂತ್ರದ ಕಂಪನಿ ತುಂಬಿಕೊಟ್ಟದ್ದೂ ಅಲ್ಲ. ಅದು ಅವನ ಊರಿನ ಜಾತ್ರೆಯ ವರಸೆ. ಗಾಯಕ ಎಳೆದರೆ ಪ್ಯಾಡೂ ಎಳೆಯುತ್ತದೆ, ಗಾಯಕ ನಗಿಸಿದರೆ ಪ್ಯಾಡು ತಡೆದು ನಿಲ್ಲುತ್ತದೆ. ಹೊಸ ‘ಜೋಕೆ’ಯಲ್ಲಿ ಇಲ್ಲವಾದ, ತಾಳದ ಹಿಂದೆ ಉಳಿದು ಹಿಡಿಯುವ ಗುಣ ಇಲ್ಲಿ ಬದುಕಿದೆ. ಯಂತ್ರವನ್ನು ಮನುಷ್ಯ ನುಡಿಸುತ್ತಿದ್ದಾನೆ ಎಂಬುದಷ್ಟೇ ಅದಕ್ಕೆ ಕಾರಣ.

ಇದನ್ನು ರಮ್ಯವಾಗಿ ನೋಡಬೇಕಾಗಿಲ್ಲ. ಕರೋಕೆ ಟ್ರ್ಯಾಕ್ ಬಂದ ಮೇಲೆ ಅನೇಕ ಕಡೆ ಪ್ಯಾಡಿನವನಿಗೂ ಕೆಲಸವಿಲ್ಲ. ಒಂದು ಮೊಬೈಲು, ಒಂದು ಮೈಕು ಸಾಕು. ಮೆರವಣಿಗೆಗಳಿಗೆ ಡಿಜೆ ಬಂದು ತಮಟೆಯವರನ್ನೂ ಆರ್ಕೆಸ್ಟ್ರಾವನ್ನೂ ಒಟ್ಟಿಗೆ ಪಕ್ಕಕ್ಕೆ ಸರಿಸಿತು. ವೇದಿಕೆಯ ಗಾಯಕಿಯನ್ನು ಹಾಡು ಮುಗಿದ ಮೇಲೆ ನೋಡುವ ಕಣ್ಣು ಈಶ್ವರಿಯ ಕಾಲದಿಂದ ಹೆಚ್ಚು ಬದಲಾಗಿಲ್ಲ. ಕ್ಲಬ್ ಹಾಡಿಗೆ ಚೀಟಿ ಕಳಿಸುವವರೇ ಹಾಡಿದವಳ ಬಗ್ಗೆ ಹಗುರವಾಗಿ ಮಾತಾಡುತ್ತಾರೆ.

ಚರ್ಮದಿಂದ ರಬ್ಬರಿಗೆ

ಎಲ್ಲಕ್ಕಿಂತ ತೊಡಕಿನ ವಿಷಯ ಆ ತಮಟೆಯ ಚೌಕದ್ದು. ತಮಟೆಯನ್ನು ಬೆಂಕಿಗೆ ಹಿಡಿದು ಕಾಯಿಸಿ ಹದ ಮಾಡಬೇಕು. ಚರ್ಮ ಬಿಗಿಯಾದರೆ ದನಿ ಏಳುತ್ತದೆ, ತಣ್ಣಗಾದರೆ ಕುಸಿಯುತ್ತದೆ, ಮತ್ತೆ ಕಾಯಿಸಬೇಕು. ಈ ಚರ್ಮದ ಕಾರಣಕ್ಕೇ ತಮಟೆಗೆ ಜಾತಿ ಅಂಟಿತು. ಸಾವಿಗೆ, ಸಾರುವುದಕ್ಕೆ, ಜಾತ್ರೆಗೆ ಬಡಿಯುವುದು ದಲಿತ ಕೇರಿಯ ಬಿಟ್ಟಿ ಕೆಲಸವಾಗಿತ್ತು. ದಲಿತ ಚಳವಳಿ ಈ ವಾದ್ಯವನ್ನು ಎರಡು ರೀತಿ ಎದುರಿಸಿತು. ಬಡಿಯುವುದಿಲ್ಲ ಎಂದು ನಿರಾಕರಿಸಿದ ಹಳ್ಳಿಗಳಿದ್ದವು, ಸಭೆ ಮೆರವಣಿಗೆಗಳ ಮುಂದೆ ತಲೆಯೆತ್ತಿ ಬಡಿದವರೂ ಇದ್ದರು. ಕೋಲಾರದಲ್ಲಿ ಕೋಟಿಗಾನಹಳ್ಳಿ ರಾಮಯ್ಯನವರ ಬರಹ, ಪಿಚ್ಚಳ್ಳಿ ಶ್ರೀನಿವಾಸ ಅವರ ಕಂಠ, ತೇರಹಳ್ಳಿ ಬೆಟ್ಟದ ಮೇಲಿನ ‘ಆದಿಮ’ದ ಹುಣ್ಣಿಮೆ ಹಾಡಿನ ರಾತ್ರಿಗಳು ಈ ಎರಡನೆಯ ದಾರಿಯನ್ನು ಬೆಳೆಸಿದವು. 2007ರವರೆಗೆ ಕೋಲಾರ ಜಿಲ್ಲೆಯೇ ಆಗಿದ್ದ ಚಿಕ್ಕಬಳ್ಳಾಪುರದ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದದ್ದನ್ನೂ ಈ ಇತಿಹಾಸದೊಳಗೇ ಇಟ್ಟು ನೋಡಬೇಕು.

ಈಗ ಅದೇ ಸದ್ದು ರಬ್ಬರಿನ ಚೌಕದಲ್ಲಿದೆ. ಚರ್ಮ ಮುಟ್ಟಲು ಹಿಂಜರಿಯುತ್ತಿದ್ದ ಜಾತಿಗಳ ಹುಡುಗರೂ ಪ್ಯಾಡಿನಲ್ಲಿ ತಮಟೆ ನುಡಿಸುತ್ತಾರೆ, ಕಲ್ಯಾಣ ಮಂಟಪದ ಒಳಗೇ ನುಡಿಸುತ್ತಾರೆ. ಇದನ್ನು ಬಿಡುಗಡೆ ಎನ್ನಬಹುದು, ಸದ್ದು ಜಾತಿಯಿಂದ ಕಳಚಿಕೊಂಡಿತು. ಅಳಿಸಿಹಾಕುವಿಕೆ ಎಂದೂ ಅನ್ನಬಹುದು, ಸದ್ದು ಒಳಗೆ ಬಂತು, ಅದನ್ನು ಕಾಪಾಡಿದ ಮನುಷ್ಯ ಹೊರಗೇ ಉಳಿದ. ನನಗೆ ಎರಡೂ ನಿಜವೆನಿಸುತ್ತದೆ. ತಮಟೆ ಬಡಿಯುತ್ತಿದ್ದವರ ಮನೆಯ ಹುಡುಗನೇ ಪ್ಯಾಡ್ ನುಡಿಸಿದಾಗ ವಿಷಯ ಇನ್ನಷ್ಟು ಜಟಿಲವಾಗುತ್ತದೆ. ತಂದೆ ಬಡಿದರೆ ‘ಬಾರಯ್ಯ’ ಎನ್ನುತ್ತಿದ್ದವರು ಮಗನನ್ನು ‘ಸಾರ್, ಇನ್ನೊಂದು ಹಾಡು’ ಎನ್ನುತ್ತಾರೆ. ವರಸೆ ಒಂದೇ, ಕರೆಯುವ ರೀತಿ ಬದಲಾಗಿದೆ. ಆ ಮಗನಿಗೆ ಪ್ಯಾಡ್ ಬಿಟ್ಟು ಮೂಲ ವಾದ್ಯಕ್ಕೆ ಮರಳು ಎಂದು ಉಪದೇಶಿಸುವ ಹಕ್ಕು ಸಂಸ್ಕೃತಿಪ್ರೇಮಿಗಳಿಗೆ ಇಲ್ಲ.

ಗ್ಲೋರಿಯಾ ಜೋನ್ಸರ ಹಾಡು ಸಾಫ್ಟ್ ಸೆಲ್‌ಗೆ ಹೋದಾಗಲೂ ಇದೇ ಪ್ರಶ್ನೆಯಿತ್ತು. ಕಪ್ಪು ಹೆಣ್ಣಿನ ಸಿಟ್ಟನ್ನು ಬಿಳಿಯ ಹುಡುಗರು ಯಂತ್ರದಲ್ಲಿ ಹಾಡಿ ಗೆದ್ದರು. ಹಾಡು ಬದುಕಿತು, ಮೊದಲ ದನಿಗೆ ಸಲ್ಲಬೇಕಾದ ಹೆಸರು ಬಹುಪಾಲು ಎರಡನೆಯವರಿಗೆ ಸಂದಿತು. ಎಲೆಕ್ಟ್ರಾನಿಕ್ ಕವರ್ ಎಂಬುದರಲ್ಲಿ ಈ ರಾಜಕಾರಣ ಹೊರಗಿನಿಂದ ಬಂದು ಸೇರುವುದಿಲ್ಲ, ಅದರ ಕಟ್ಟಡದಲ್ಲೇ ಇದೆ. ದೇಹದಿಂದ ಸದ್ದನ್ನು ಬಿಡಿಸಿ ತೆಗೆಯುವುದೇ ಯಂತ್ರದ ಕೆಲಸವಾದ್ದರಿಂದ, ಯಾರ ದೇಹದಿಂದ ಬಿಡಿಸಿದ್ದು ಎಂದು ಕೇಳುವುದು ವಿ�ಮರ್ಶೆಯ ಕೆಲಸವಾಗುತ್ತದೆ.

ಕೇಳುವ ಬಗೆ

ಕೋಲಾರಕ್ಕೆ ವಿದ್ಯುತ್ ಬಂದದ್ದು ಹಾಡಿಗಾಗಿ ಅಲ್ಲ. 1902ರಲ್ಲಿ ಶಿವನಸಮುದ್ರದಿಂದ ತಂತಿ ಎಳೆದು ಚಿನ್ನದ ಗಣಿಯ ಯಂತ್ರಗಳಿಗೆ ಕೊಟ್ಟರು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಅದಾದ ಮೇಲೆ, 1905ರಲ್ಲಿ. ನೆಲದೊಳಗಿನದನ್ನು ಎತ್ತಿ ಹೊರಗೆ ಸಾಗಿಸಲು ಬಂದ ವಿದ್ಯುತ್ತು ಅದು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು, ದಿಬ್ಬಗಳು ಉಳಿದವು. ಆ ದಿಬ್ಬಗಳ ಮೇಲೆ ತೆಗೆದ ಚಿತ್ರ ದೇಶವನ್ನೆಲ್ಲ ಗೆದ್ದಾಗ ಕೋಲಾರದ ಹೆಸರು ಎಲ್ಲರ ಬಾಯಿಗೆ ಬಂತು. ಕೋಲಾರದ ತೆಲುಗು ಬೆರೆತ ಕನ್ನಡ, ಗಣಿ ಕಾಲೊನಿಗಳ ತಮಿಳು ಹಾಡು, ತಮಟೆಯ ವರಸೆ ಮಾತ್ರ ಎಲ್ಲರ ಕಿವಿಗೆ ಬರಲಿಲ್ಲ. ಈ ಬಗೆಯ ಸಾಗಾಟ ಇಲ್ಲಿನ ನೆಲಕ್ಕೆ ಹೊಸದಲ್ಲ. ಒಂದು ವಾಣಿಜ್ಯ ಚಿತ್ರ ಇದನ್ನೆಲ್ಲ ಹೊರಬೇಕಿತ್ತು ಎಂದು ನಾನು ಹಟ ಹಿಡಿಯುವುದಿಲ್ಲ. ಆದರೆ ‘ಜೋಕೆ’ಯ ಮೂಲದಲ್ಲಿ ಈಶ್ವರಿಯ ದನಿ ಇತ್ತು, ಆ ದನಿಗೆ ಈ ನೆಲದ ಜೊತೆ ನಂಟಿತ್ತು. ಆ ನಂಟನ್ನು ಹಾಡಾಗಿಸುವ ಅವಕಾಶ ಕೈಯಲ್ಲಿದ್ದೂ ಚಿತ್ರ ಅದನ್ನು ಕೇಳಿಸಿಕೊಳ್ಳಲಿಲ್ಲ.

ಸಾಹಿತ್ಯ ಓದುವ ನಮಗೆ ಮೂಲ ಮತ್ತು ರೂಪಾಂತರವನ್ನು ಎದುರುಬದುರು ಇಟ್ಟು ಓದುವ ಅಭ್ಯಾಸವಿದೆ. ಪಂಪನನ್ನು ವ್ಯಾಸನ ಜೊತೆಗಿಟ್ಟು ಓದುವಾಗ ನಾವು ನಕಲನ್ನು ಹುಡುಕುವುದಿಲ್ಲ, ಕವಿ ಎಲ್ಲಿ ತಡೆದು ನಿಂತ, ಎಲ್ಲಿ ದಾರಿ ಬದಲಿಸಿದ ಎಂದು ನೋಡುತ್ತೇವೆ. ಅದೇ ಗಮನವನ್ನು ಈ ಹಾಡುಗಳಿಗೂ ಕೊಡಬಹುದು. ಯಂತ್ರ ದನಿಗೆ ಜಾಗ ಬಿಟ್ಟಿದೆಯೇ, ಮುಚ್ಚಿದೆಯೇ? ತಾಳ ಹಾಡುವವರಿಗೆ ಕಾಯುತ್ತದೆಯೇ, ಎಳೆದೊಯ್ಯುತ್ತದೆಯೇ? ಒಳಗೆ ಬಂದ ಸದ್ದು ಯಾರದು, ಅವರು ಎಲ್ಲಿದ್ದಾರೆ? ಈ ಮೂರು ಪ್ರಶ್ನೆ ಹಿಡಿದು ಮುಂದಿನ ಗಣೇಶನ ಹಬ್ಬದಲ್ಲಿ ನಿಮ್ಮ ಊರಿನ ರಸಮಂಜರಿಯ ಮುಂದೆ ಕುಳಿತು ನೋಡಿ. ಧ್ವನಿಮುದ್ರಣವಾಗದೆ, ಹಕ್ಕುಸ್ವಾಮ್ಯದ ಯಾವ ಕಲಮಿಗೂ ಸಿಗದೆ, ಆ ರಾತ್ರಿಗೇ ಮುಗಿದುಹೋಗುವ ಒಳ್ಳೆಯ ರೂಪಾಂತರಗಳು ಅಲ್ಲಿರುತ್ತವೆ. ಅವುಗಳ ಬಗ್ಗೆ ಬರೆಯುವವರು ಬೇಕಾಗಿದ್ದಾರೆ.